ಸಿಲೋನಿನಲ್ಲಿ ಬಾಣಂತನ

ಮಲ್ಲಾಪುರದಿಂದ ಧನುಷ್ಕೋಡಿ

ಸಿಲೋನಿಗೆ ನಾನು ಊರು ನೋಡಲಿಕ್ಕೆ ಹೋಗಲಿಲ್ಲ. ಮಗಳು ಗೌರಿಯ ಬಾಣಂತನಕ್ಕೆ ಹೋದೆ. ಬಂದ ಮೇಲೆ ರೋಣದ ಹೆಂಗಸರು ಅಲ್ಲಿ ಏನೇನು ಇದೆ ಎಂದು ಕೇಳುತ್ತಾರೆ. ಸಮುದ್ರ ಇದೆ, ತೆಂಗು ಇದೆ, ನನ್ನ ಬೀಗತಿ ಇದ್ದಾಳೆ. ಮೂರೂ ಬೇಕಾದ್ದಕ್ಕಿಂತ ಹೆಚ್ಚಾಗಿಯೇ ಇವೆ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಅದಕ್ಕೆ ಅತ್ತೆಮನೆಯವರು ಕೈಹಾಕುವುದಿಲ್ಲ. ಹಾಕಿದರೆ ತವರಿನವರು ನಾಕು ಮಂದಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಆದರೆ ಗೌರಿಯ ಗಂಡ ಶಿವಪ್ಪನ ಅಂಗಡಿ ಇರುವುದು ಕೊಲಂಬೊದ ಪೇಟೆಯಲ್ಲಿ. ಒಣಮೆಣಸಿನಕಾಯಿ, ಉಳ್ಳಾಗಡ್ಡಿ ವ್ಯಾಪಾರ. ಮೂಲ ಗಜೇಂದ್ರಗಡದವರು, ಅವನ ಅಪ್ಪನ ಕಾಲಕ್ಕೇ ಅಲ್ಲಿ ಹೋಗಿ ಕೂತರು. ಆಗ ಎಲ್ಲ ಒಂದೇ ಸರಕಾರ, ಈಗ ಅವರದು ಬೇರೆ, ನಮ್ಮದು ಬೇರೆ. ಗೌರಿ ಅಲ್ಲಿರುವ ಕಾಗದ ಇನ್ನೂ ಪಕ್ಕಾ ಆಗಿರಲಿಲ್ಲ. ಹೆರಿಗೆಗೆಂದು ರೋಣಕ್ಕೆ ಬಂದರೆ, ಕೂಸು ಎತ್ತಿಕೊಂಡು ತಿರುಗಿ ಹೋದಾಗ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಶಿವಪ್ಪ ಅಂಜಿದ. ಹೀಗಾಗಿ ಮಗಳು ತವರಿಗೆ ಬರಲಿಲ್ಲ, ತವರೇ ಗಂಟು ಕಟ್ಟಿಕೊಂಡು ಮಗಳಿದ್ದಲ್ಲಿಗೆ ಹೊರಟಿತು.

ಗಂಟಿನಲ್ಲಿ ಬಾಣಂತಿಗೆ ಬೇಕಾದದ್ದೆಲ್ಲ ಇತ್ತು. ಉಂಡಿ ಕಟ್ಟಲು ಅಂಟು, ಪಾಯಸಕ್ಕೆ ಅಳ್ವಿ, ಉತ್ತತ್ತಿ, ಕೂಸಿಗೆ ತೇಯ್ದು ನೆಕ್ಕಿಸಲು ಬಜಿ, ಬಳ್ಳೊಳ್ಳಿ, ಕೂಸಿಗೆ ಹಾಸಲು ಹಳೆಯ ಸೀರೆಯ ಮೆತ್ತನ್ನ ತುಂಡುಗಳು. ನನಗೆ ಜೋಳದ ಹಿಟ್ಟು. ಆಮೇಲೆ ಒಂದು ಚೀಲ ಒಣಕೊಬ್ಬರಿ.

ಧನುಷ್ಕೋಡಿತನಕ ನನ್ನ ಮೈದುನ ಜೊತೆಗೆ ಬಂದ. ಮಲ್ಲಾಪುರದಲ್ಲಿ ರೈಲು ಹತ್ತಿ ಗದಗ, ಅಲ್ಲಿಂದ ಮದ್ರಾಸು, ಅಲ್ಲಿಂದ ಮತ್ತೊಂದು ರೈಲು. ಮಂಡಪಂ ಎಂಬಲ್ಲಿ ಒಬ್ಬ ಡಾಕ್ಟರ ನಮ್ಮೆಲ್ಲರ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತೇವಲ್ಲ, ಹಾಗೆ. ನಾನೂ ಸುಮ್ಮನೆ ಬಾಯಿ ತೆರೆದೆ. ಬೇಡ ಎಂದು ಕೈಮಾಡಿದ.

ಸಮುದ್ರ ಅಲ್ಲಿ ಮೊದಲು ಕಂಡೆ. ಹೊಳೆಮಣ್ಣೂರಿಗೆ ಮಲಪ್ರಭೆ ನುಗ್ಗಿದಾಗ ನನ್ನ ಅಕ್ಕನ ಮನೆಯ ಮಾಳಿಗೆ ಮೇಲೆ ನಿಂತು ಇಷ್ಟೇ ನೀರು ನೋಡಿದ್ದೆ. ಆ ನೀರು ಇಳಿಯಿತು. ಈ ನೀರು ಇಳಿಯುವುದಿಲ್ಲವಂತೆ. ಮೈದುನ, “ವೈನಿ, ಹ್ಯಾಂಗನಸ್ತದ?” ಎಂದು ಕೇಳಿದ. “ಒಂದ ಜ್ವಾಳದ ದಂಟಿಗೂ ಬರದ ನೀರು. ಇಷ್ಟ ಇದ್ದು ಏನ ಮಾಡೂದೈತಿ?” ಎಂದೆ.

ತಲೈಮನ್ನಾರ್

ಹಡಗಿನಿಂದ ಇಳಿದ ಕಟ್ಟೆಯ ಮೇಲೆ ಅಳಿಯ ನಿಂತಿದ್ದ. ಶಿವಪ್ಪ ಒಳ್ಳೆಯವನು, ಆದರೆ ನಾನು ಅಳಿಯನ ಮುಂದೆ ನೇರ ಮಾತಾಡುವವಳಲ್ಲ, ಅವನೂ ಅತ್ತೆಯ ಮುಖ ನೋಡಿ ಮಾತಾಡುವವನಲ್ಲ. ಹೇಳುವುದಿದ್ದರೆ ಕಂಬಕ್ಕೆ ಹೇಳುತ್ತೇನೆ, ಅವನು ಕೇಳಿಸಿಕೊಳ್ಳುತ್ತಾನೆ.

ಸುಂಕದವನು ನನ್ನ ಗಂಟು ಬಿಚ್ಚಿಸಿದ. ಅಂಟಿನ ಹಳ್ಳು ಎತ್ತಿ ಬೆಳಕಿಗೆ ಹಿಡಿದು ನೋಡಿ, ಇಷ್ಟು ಅಂಟು ಏನನ್ನು ಹಚ್ಚಲಿಕ್ಕೆ ಎಂದು ಕೇಳಿದ. ಹಚ್ಚುವುದಲ್ಲ, ತಿನ್ನುವುದು ಎಂದು ಶಿವಪ್ಪ ಹೇಳಿದ. ಯಾರು ತಿನ್ನುತ್ತಾರೆ ಎಂದು ಅವನು ಕೇಳಿದ್ದಕ್ಕೆ ಶಿವಪ್ಪ ಸಮುದ್ರದ ಕಡೆ ನೋಡುತ್ತ ನಿಂತ.

ನಾನು ಪಕ್ಕದ ಕಂಬಕ್ಕೆ ಹೇಳಿದೆ: “ಮುದುಕಿ ಸೊಂಟನೋವಿಗೆ ತಿಂತಾಳಂತ ಯಾರರ ಆ ತಮ್ಮಗ ಹೇಳ್ರಿ.”

ಹಾಗೆ ಹೇಳದೆ ಇನ್ನೇನು ಹೇಳುವುದು. ಬಸುರಿಯ ದಿನ ತುಂಬುತ್ತ ಬಂದಾಗ ಹೊರಗಿನವರ ಮುಂದೆ ಬಾಯಿ ಬಿಡುವುದಿಲ್ಲ. ಒಂಬತ್ತು ತಿಂಗಳಾಗಿದ್ದರೆ ಏಳು ಎನ್ನುತ್ತೇವೆ. ದೃಷ್ಟಿ ಯಾರದು ಹೇಗೆ ಇರುತ್ತದೆ ಯಾರಿಗೆ ಗೊತ್ತು. ಸುಂಕದವನು ನಕ್ಕು ಗಂಟು ಬಿಟ್ಟ. ಪಾಸ್‌ಪೋರ್ಟ್ ನೋಡುವವನೂ ಭೇಟಿಗೆ ಬಂದ ಮುದುಕಿ ಎಂದು ಸ್ವಲ್ಪ ದಿನದ ಮುದ್ದತ್ತು ಹಾಕಿ ಸಿಕ್ಕಾ ಹೊಡೆದ. ಅಷ್ಟರೊಳಗೆ ಮಗಳು ಹಡೆಯುತ್ತಾಳೆ, ಉಳಿದದ್ದು ಆಮೇಲೆ ನೋಡಿದರಾಯಿತು ಎಂದು ನಾನು ತಿಳಿದಿದ್ದೆ.

ಪೇಟೆಯ ಮನೆ

ಕೊಲಂಬೊದಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಹಗಲೆಲ್ಲ ಮೆಣಸಿನಕಾಯಿಯ ಘಾಟು ಮೇಲೇರಿ ಬರುತ್ತದೆ. ಮನೆಯವರಿಗೆ ರೂಢಿ, ಬಂದವರು ಸೀನುತ್ತ ಮಾತಾಡುತ್ತಾರೆ.

ಶಿವಪ್ಪನ ಅವ್ವ ಬಸಲಿಂಗವ್ವ ಗಂಡ ಸತ್ತ ಮೇಲೆ ಅಂಗಡಿಯನ್ನು ತಾನೇ ಹಿಡಿದಿದ್ದಾಳೆ. ಹುಟ್ಟಿದ್ದು ಲಕ್ಕಲಕಟ್ಟಿಯಲ್ಲಿ. ನನ್ನ ಹಾಗೇ ಸಗಣಿ ಬಾಚಿದವಳು, ನನ್ನ ಹಾಗೇ ಹತ್ತಿ ಬಿಡಿಸಿದವಳು. ಈಗ ಕುರ್ಚಿಯ ಮೇಲೆ ಕೂತು ಸಿಂಹಳದ ದಲಾಲಿಗಳ ಜೊತೆ ಅವರ ಮಾತಿನಲ್ಲೇ ಜಗಳಾಡುತ್ತಾಳೆ, ಹೊರಗೆ ಹೊರಟರೆ ಕೈಯಲ್ಲಿ ಕರೀ ಛತ್ರಿ. ಸೀರೆ ಮಾತ್ರ ಇಳಕಲ್ಲಿನದು. ಅದು ನನ್ನದಕ್ಕಿಂತ ಹೊಸದು.

ನನ್ನ ಗಂಟು ಬಿಚ್ಚಿದಾಗ ಅವಳು ಕೊಬ್ಬರಿ ಚೀಲದೊಳಗೆ ಕೈಹಾಕಿದಳು.

“ಬೀಗರ, ಲಂಕಾಕ್ಕ ಕೊಬ್ಬರಿ ತಂದೀರೇನ? ಕಿಡಕಿ ತಗದು ಒಮ್ಮೆ ಹೊರಗ ನೋಡ್ರಿ.”

ನೋಡುವುದೇನು, ಕಣ್ಣು ಹಾಯಿಸಿದಲ್ಲಿ ತೆಂಗಿನ ತಲೆ. “ನಿಮ್ಮೂ ಹಸೀ ಕಾಯಿ. ಬಾಣಂತಿಗೆ ಒಣಗಿದ್ದ ಬೇಕು” ಎಂದೆ.

“ಇಲ್ಲೂ ಬಿಸಲು ಬೀಳತದರಿ. ಒಣಗತಾವ.”

ಗೌರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆ ಸೊಸೆ ಇಬ್ಬರೂ ಸೇರಿ ನಕ್ಕರು. ಮಗಳು ಸುಖವಾಗಿದ್ದಾಳೆ ಎಂದು ಸಂತೋಷಪಡಬೇಕಾದ ಹೊತ್ತು ಅದು. ನನಗೆ ಕೊಬ್ಬರಿ ಚೀಲದ ಮೇಲೆ ಸಿಟ್ಟು ಬಂತು.

ಆ ಮನೆಯಲ್ಲಿ ನನಗೆ ಮಾಡಲಿಕ್ಕೆ ಏನೂ ಉಳಿದಿರಲಿಲ್ಲ. ಬಾಣಂತಿಗೆ ಮಂಚ ಬಂದಿತ್ತು. ಬಚ್ಚಲಿಗೆ ದೊಡ್ಡ ಹಂಡೆ ಬಂದಿತ್ತು. ದವಾಖಾನೆಯ ನರ್ಸಬಾಯಿ ಬೀಗತಿಗೆ ಗೆಳತಿ, ಬಂದು ಹೊಟ್ಟೆ ಮುಟ್ಟಿ ನೋಡಿ ಹೋಗುತ್ತಿದ್ದಳು. ನೆರೆಮನೆಯ ಸಿಂಹಳದ ಹೆಂಗಸು ದಿನಾ ಬೆಳಿಗ್ಗೆ ತನ್ನ ಕೂಸನ್ನು ತಂದು ಬಸಲಿಂಗವ್ವನ ಕೈಗೆ ಕೊಡುತ್ತಿದ್ದಳು, ಎಣ್ಣೆ ಹಚ್ಚಿ ನೀರು ಎರೆದು ಕೊಡಲಿಕ್ಕೆ. ಆ ಓಣಿಯ ಎಷ್ಟೋ ಕೂಸುಗಳಿಗೆ ಬಸಲಿಂಗವ್ವನೇ ಎರೆದಿದ್ದಳಂತೆ. ಅವಳು ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ತಿಕ್ಕಿ ಎರೆಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ತಪ್ಪು ಹುಡುಕಲಿಕ್ಕೆ ನೋಡಿದೆ. ಸಿಗಲಿಲ್ಲ.

ಒಂದು ಮಧ್ಯಾಹ್ನ ಗೌರಿಗೆ ಹೊಟ್ಟೆ ಹಿಡಿದಂತಾಯಿತು. ಹುಸಿ ನೋವು. ನಾನು ಪಕ್ಕದಲ್ಲೇ ಜೋಳದ ಹಿಟ್ಟು ಸಾಣಿಸುತ್ತ ಕೂತಿದ್ದೆ. ನನ್ನ ಮಗಳು ಕೂಗಿದ್ದು “ಅತ್ಯಾ” ಎಂದು. ಅವ್ವ ಎರಡು ಮೊಳ ದೂರದಲ್ಲಿದ್ದಾಳೆ, ಅತ್ತೆ ಕೆಳಗೆ ಅಂಗಡಿಯಲ್ಲಿ. ಮೆಟ್ಟಿಲು ಹತ್ತಿ ಅವಳೇ ಬಂದಳು.

ಕಚೇರಿ, ಮೊದಲ ಸಲ

ಮುದ್ದತ್ತು ಮುಗಿಯುತ್ತ ಬಂತು, ಕೂಸು ಬರಲಿಲ್ಲ. ನಾವು ದಿನ ಎಣಿಸಿದ್ದರಲ್ಲೇ ತಪ್ಪಿತ್ತು. ಮುದ್ದತ್ತು ಹೆಚ್ಚಿಸಿಕೊಳ್ಳಲು ಪರವಾನಗಿ ಕಚೇರಿಗೆ ಶಿವಪ್ಪ ನನ್ನನ್ನು ಟ್ರಾಮಿನಲ್ಲಿ ಕರೆದುಕೊಂಡು ಹೋದ.

ಕಚೇರಿಯಲ್ಲಿ ಮಂದಿ ಗದ್ದಲವಿಲ್ಲದೆ ಬೆಂಚಿನ ಮೇಲೆ ಕೂತಿದ್ದರು. ರೋಣದ ಮಾಮಲೇದಾರ ಕಚೇರಿಯಲ್ಲಾದರೆ ಮುಂದೆ ನುಗ್ಗದವನಿಗೆ ಕೆಲಸವಿಲ್ಲ, ಇಲ್ಲಿ ನಾನು ನುಗ್ಗಿದ್ದಕ್ಕೆ ಸಿಪಾಯಿ ತೋಳು ಹಿಡಿದು ತಂದು ಮತ್ತೆ ಕೂಡಿಸಿದ. ಚಹಾದ ಹೊತ್ತಾಯಿತೆಂದರೆ ಎಲ್ಲರ ಲೆಕ್ಕಣಿಕೆ ನಿಲ್ಲುತ್ತದೆ. ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡು, ಒಂದಿಷ್ಟು ಕಚ್ಚಿ, ಮೇಲೆ ಸಪ್ಪನೆಯ ಚಹಾ ಗುಟುಕರಿಸುತ್ತಾರೆ. ಬೆಲ್ಲವನ್ನು ಚಹಾದಲ್ಲೇ ಹಾಕಿದರೆ ಏನಾಗುತ್ತದೋ ತಿಳಿಯದು. ಪಕ್ಕದಲ್ಲಿ ಕೂತ ಮುದುಕನೊಬ್ಬ ತಲೆ ಬಾಚಿಕೊಂಡು ಬಾಚಣಿಗೆಯನ್ನು ಕೂದಲಲ್ಲೇ ಮರೆತು ಬಂದಿದ್ದ. ಪಾಪ, ಸಾಹೇಬರ ಮುಂದೆ ಹೀಗೆ ಹೋದಾನು ಎಂದು ನನ್ನ ತಲೆ ಮುಟ್ಟಿಕೊಂಡು ಸನ್ನೆ ಮಾಡಿದೆ. ಅವನು ಕೈಮುಗಿದು ನನಗೆ ಒಂದು ವೀಳ್ಯದೆಲೆ ಕೊಟ್ಟ. ಅದು ಅವರ ಹಳೇ ಮಂದಿಯ ಅಲಂಕಾರ ಎಂದು ಶಿವಪ್ಪ ಬಾಗಿಲಿಗೆ ಹೇಳಿದ.

ಸಾಹೇಬ ತೆಳ್ಳಗೆ, ಕನ್ನಡಕದವನು. ದನಿ ಎತ್ತಿ ಮಾತಾಡಲಿಲ್ಲ. ಅವನು ಇಂಗ್ಲೀಷಿನಲ್ಲಿ ಕೇಳುತ್ತಿದ್ದ, ಶಿವಪ್ಪ ನೆಲ ನೋಡುತ್ತ ಕನ್ನಡದಲ್ಲಿ ಹೇಳುತ್ತಿದ್ದ.

“ಇನ್ನೂ ಯಾಕ ಇರಬೇಕಂತ ಕೇಳಾಕತ್ತಾರ್ರಿ.”

ನಾನು ಸೆರಗು ಮುಂದೆ ಎಳೆದುಕೊಂಡು ಮೇಜಿನ ಕಾಲಿಗೆ ಹೇಳಿದೆ: “ಮಗಳ ಮನಿ. ಇರಬೇಕನಸೇತಿ.”

“ಮಗಳಿಗೆ ಜಡ್ಡೇನರ ಐತೇನಂತ.”

“ಅಯ್ಯ, ಆಕಿಗೆ ಏನಾಗೇತಿ. ಕಲ್ಲಿದ್ದಂಗ ಗಟ್ಟಿ ಅದಾಳ.”

“ಮತ್ತೇನರ ಕಾರಣ ಐತೇನಂತ ಕೇಳತಾರ.”

ಶಿವಪ್ಪನ ಕಿವಿ ಕೆಂಪಾಗಿದ್ದವು. ತನ್ನ ಹೆಂಡತಿ ಬಸುರಿ ಎಂದು ಅತ್ತೆಯ ಮುಂದೆ ನಿಂತು ಪರಗಂಡಸಿಗೆ ಅವನು ಹೇಗೆ ಹೇಳಿಯಾನು. ಅಳಿಯನ ಮುಂದೆ ನಾನು ಹೇಗೆ ಹೇಳಲಿ. ಸಾಹೇಬ ಇಬ್ಬರನ್ನೂ ಒಂದೊಂದು ಸಲ ನೋಡಿದ. ಕಾರಣವಿಲ್ಲದೆ ಮುದ್ದತ್ತು ಹೆಚ್ಚಿಸುವ ಹಾಗಿಲ್ಲ, ತಾರೀಖಿನೊಳಗೆ ಹಡಗು ಹತ್ತಬೇಕು ಎಂದ. ಹೊರಗೆ ಬಂದು ಟ್ರಾಮು ಹತ್ತಿದೆವು. ಮನೆ ಬರುವತನಕ ಅವನು ಆ ಕಿಡಕಿ ನೋಡಿದ, ನಾನು ಈ ಕಿಡಕಿ ನೋಡಿದೆ.

ಬಸಲಿಂಗವ್ವ ಕೇಳಿ ಹಣೆ ಬಡಿದುಕೊಂಡಳು.

“ಹೊಟ್ಟಿ ಓಣಿಗೆಲ್ಲ ಕಾಣತೈತಿ. ಕಚೇರ್ಯಾಗ ಮುಚ್ಚಿಟ್ಟು ಬಂದ್ರೇನ ಇಬ್ಬರೂ ಕೂಡಿ?”

“ಲಕ್ಕಲಕಟ್ಟ್ಯಾಗ ನೀವ ಹೇಳತಿದ್ರೇನ?”

“ಲಕ್ಕಲಕಟ್ಟ್ಯಾಗ ವೀಸಾ ಕೇಳಂಗಿಲ್ಲರಿ ಬೀಗರ.”

ಗೌರಿ ನನ್ನ ಸಮಾಧಾನಕ್ಕೆಂದು, “ಯವ್ವಾ, ನೀ ಹೋಗೂದ ಬಂದ್ರ ಚಿಂತಿ ಮಾಡಬ್ಯಾಡ. ಅತ್ಯಾ ಅದಾರಲ್ಲ” ಎಂದಳು.

ಅವಳು ಒಳ್ಳೆಯ ಮನಸ್ಸಿನಿಂದ ಹೇಳಿದಳು. ಕೆಳಗಿನ ಮೆಣಸಿನಕಾಯಿ ಚೀಲವನ್ನೆಲ್ಲ ಸುಟ್ಟಿದ್ದರೂ ನನ್ನ ಎದೆ ಅಷ್ಟು ಉರಿಯುತ್ತಿರಲಿಲ್ಲ. ಚೊಚ್ಚಲ ಬಾಣಂತನ ಅತ್ತೆ ಮಾಡಿದಳು ಎಂದು ಗಜೇಂದ್ರಗಡದ ತನಕ ಸುದ್ದಿ ಹೋಗುತ್ತದೆ. ಅವ್ವ ಹೋಗಿದ್ದಳಂತೆ, ಕೊಬ್ಬರಿ ಕೊಟ್ಟು ಬಂದಳಂತೆ ಎನ್ನುತ್ತಾರೆ.

ಕಚೇರಿ, ಎರಡನೆಯ ಸಲ

ಮರುದಿನ ಬಸಲಿಂಗವ್ವ ಛತ್ರಿ ತಗೊಂಡಳು. “ನಡೀರಿ, ನಾವಿಬ್ಬರ ಹೋಗೂಣು. ಗಂಡಸರ ಕೆಲಸ ಅಲ್ಲ ಇದು” ಎಂದಳು.

ಅದೇ ಸಾಹೇಬ. ಬೀಗತಿ ಸಿಂಹಳದಲ್ಲಿ ಮಾತಿಗಿಳಿದಳು. ಒಂದು ಮಾತು ಅವನಿಗೆ, ಅದೇ ಮಾತು ಕನ್ನಡದಲ್ಲಿ ನನಗೆ.

“ತುಂಬಿದ ಬಸರಿ ಅಂತ ಹೇಳಿದೆ.”

ನಾನು ಸೆರಗಿನಿಂದ ಕಿವಿ ಮುಚ್ಚಿಕೊಂಡೆ.

“ಇವತ್ತೋ ನಾಳೆಯೋ ಅಂತ ಹೇಳಿದೆ.”

“ಬಾಯಿ ಸಣ್ಣದ ಮಾಡ್ರಿ. ಬಾಗಲದಾಗ ಮಂದಿ ಅದಾರ.”

“ಅವರಿಗೂ ಮಕ್ಕಳದಾವ ಬಿಡ್ರಿ.”

ಸಾಹೇಬ ಬರೆದುಕೊಂಡ. ಆಮೇಲೆ ಪೆನ್ನು ಇಟ್ಟು ಏನೋ ಕೇಳಿದ. ಬಸಲಿಂಗವ್ವ ನನ್ನ ಕಡೆ ತಿರುಗಿದಳು. ನಾನು ಏನಂತೆ ಎಂದೆ.

“ಹುಡುಗಿ ಅತ್ತಿ ನಾನ ಮನ್ಯಾಗ ಇದ್ದೀನಲ್ಲ, ಇನ್ನೊಬ್ಬ ಮುದುಕಿ ಯಾಕ ಬೇಕಂತ ಕೇಳತಾನ.”

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ನೋಡಿಕೊಳ್ಳುವವರು ಯಾರೂ ಇಲ್ಲದಿದ್ದರೆ ಮಾತ್ರ ಮುದ್ದತ್ತು ಹೆಚ್ಚಾಗುತ್ತದಂತೆ. ನಾನು ಬೀಗತಿಯ ಮುಖ ನೋಡಿದೆ. ಈಗ ಅವಳು ಏನೂ ಮಾಡಬೇಕಾಗಿಲ್ಲ. ಹೌದ್ರಿ ಎಂದು ಗೋಣು ಹಾಕಿದರೆ ಸಾಕು, ನಾನು ಹಡಗಿನಲ್ಲಿ, ಕೂಸು ಅವಳ ಮಡಿಲಲ್ಲಿ. ಅವಳ ಜಾಗದಲ್ಲಿ ನಾನಿದ್ದರೆ ಗೋಣು ಹಾಕುತ್ತಿದ್ದೆ.

ಅವಳು ಎರಡೂ ಕೈ ಮುಂದೆ ಚಾಚಿ, ಅಂಗೈ ಮೇಲೆ ಕೆಳಗೆ ಮಾಡಿ ತೋರಿಸಿ, ಬಹಳ ಹೊತ್ತು ಏನೋ ಹೇಳಿದಳು. ಸಾಹೇಬ ಆ ಕೈಗಳನ್ನು ನೋಡಿದ. ಅವಳು ಹೇಳಿದ್ದನ್ನು ಬರೆದು, ಅದರ ಕೆಳಗೆ ಅವಳ ಸಹಿ ಮಾಡಿಸಿಕೊಂಡು, ನನ್ನ ಪಾಸ್‌ಪೋರ್ಟಿನ ಮೇಲೆ ಹೊಸ ಸಿಕ್ಕಾ ಹೊಡೆದ.

ಹೊರಗೆ ಬಂದ ಮೇಲೆ ಕೇಳಿದೆ. “ಏನ ಹೇಳಿದ್ರಿ?”

“ಕೂಸಿಗೆ ಎರಿಯೂದು ನನಗ ಬರಂಗಿಲ್ಲಂದೆ. ಹಡದಾಕಿ ಒಂದ, ಅದನ್ನೂ ನಮ್ಮವ್ವ ಜ್ವಾಪಾನ ಮಾಡಿದ್ಲು. ಮೆಣಸಿನಕಾಯಿ ಹಿಡದು ಹಿಡದು ಕೈ ಖಾರಾಗ್ಯಾವ, ಕೂಸಿನ ಮೈ ಉರದೀತು ಅಂದೆ.” ಆಮೇಲೆ ಛತ್ರಿ ಬಿಚ್ಚುತ್ತ, “ಬರ್ರಿ ಕೆಳಗ, ಮಳಿ ಬಂತು” ಎಂದಳು.

ಛತ್ರಿಯೊಳಗೆ ಹೋದೆ. ಬೇರೆಯವರಾಗಿದ್ದರೆ ಕಣ್ಣಲ್ಲಿ ನೀರು ತರುತ್ತಿದ್ದರೋ ಏನೋ. ನನಗೆ ಇನ್ನಷ್ಟು ಉರಿ ಹತ್ತಿತು. ಬಾಣಂತನ ನನ್ನದು, ಅದನ್ನು ಕೊಡಿಸಿದವಳು ಅವಳು. ನನ್ನ ಮಗಳ ಹತ್ತಿರ ನಾನಿರಲಿಕ್ಕೆ ಅವಳ ಸಹಿ ಬೇಕಾಯಿತು.

ಬಚ್ಚಲು

ಗೌರಿ ಹೆಣ್ಣು ಹಡೆದಳು. ಸುಸೂತ್ರವಾಯಿತು. ನರ್ಸಬಾಯಿ ಹೋದ ಕೂಡಲೇ ನಾನು ಬೀಗತಿಗೆ ಹೇಳಿದೆ.

“ನೀವು ಕೂಸಿನ ಮುಟ್ಟಬ್ಯಾಡ್ರಿ.”

“ಯಾಕ್ರಿ?”

“ಸರಕಾರದ ಮುಂದ ಎರಿಯಾಕ ಬರಂಗಿಲ್ಲಂತ ಸಹಿ ಮಾಡೀರಿ. ಯಾರರ ಬಂದು ನೋಡಿದ್ರ ನನ್ನ ಓಡಸ್ತಾರ.”

ಅವಳು ನನ್ನನ್ನೇ ನೋಡಿದಳು. ಆಮೇಲೆ “ಖರೇ ಐತಿ” ಎಂದು ಬಚ್ಚಲಿನ ಹೊಸ್ತಿಲ ಹೊರಗೆ ಕೂತಳು.

ನೆರೆಮನೆಯ ಹೆಂಗಸು ಎಂದಿನಂತೆ ತನ್ನ ಕೂಸನ್ನು ತಂದಳು. ಅದನ್ನೂ ಬೇಡ ಎಂದೆ, ಓಣಿಯಲ್ಲಿ ಸುದ್ದಿಯಾದರೆ ಕಚೇರಿಗೂ ಮುಟ್ಟುತ್ತದೆ. ಬೀಗತಿ ಏನು ಹೇಳಿ ತಿರುಗಿಸಿ ಕಳಿಸಿದಳೋ, ಆ ಹೆಂಗಸು ಮುಖ ಊದಿಸಿಕೊಂಡು ಹೋದವಳು ಮತ್ತೆ ಬರಲಿಲ್ಲ. ದಿನಾ ನಾನು ಎರೆಯುತ್ತಿದ್ದೆ, ಕೂಸು ಕಿರುಚುತ್ತಿತ್ತು, ಬಸಲಿಂಗವ್ವ ಹೊಸ್ತಿಲಾಚೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಗೌರಿ ಒಮ್ಮೆ, “ಯವ್ವಾ, ಅತ್ಯಾಗ ಒಮ್ಮಿ ಕೊಡಬಾರದೇನ?” ಎಂದಳು. “ಕಾಯದೆ ಐತವಾ” ಎಂದೆ.

ನಾನು ನೆವಕ್ಕೆ ಹೇಳಿದ್ದು ಖರೇ ಆಯಿತು. ಒಂದು ದಿನ ಕಚೇರಿಯಿಂದ ಸಿಪಾಯಿ ವಿಚಾರಿಸಲು ಬಂದ. ನಾನು ಹಿತ್ತಲ ಬಾವಿಗೆ ನೀರು ಸೇದಲಿಕ್ಕೆ ಹೋಗಿದ್ದೆ, ಗೌರಿಗೆ ನಿದ್ದೆ ಹತ್ತಿತ್ತು. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂಸು ಕೈಕಾಲು ಬಡಿದು ಅಳುತ್ತಿತ್ತು. ಮಗ್ಗುಲಲ್ಲೇ ಅದರ ಅಜ್ಜಿ ಕೂತಿದ್ದಾಳೆ, ಎತ್ತಿಕೊಳ್ಳುತ್ತಿಲ್ಲ. ನಾನು ಕೊಡ ಹೊತ್ತು ಒಳಗೆ ಬಂದಾಗ ಆ ಸಿಪಾಯಿ ತಾನೇ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದ. ಬೀಗತಿಗೆ ಏನೋ ಗದರಿದ. ಅವಳು ತಲೆ ತಗ್ಗಿಸಿದ್ದಳು.

ಅವನು ಕೂಸನ್ನು ನನ್ನ ಕೈಗಿಟ್ಟು ಹೋದ ಮೇಲೆ ಏನಂದ ಎಂದು ಕೇಳಿದೆ.

“ಇಷ್ಟ ವಯಸ್ಸಾಗಿ ಒಂದ ಕೂಸಿನ ಎತ್ತಾಕ ಬರಂಗಿಲ್ಲೇನ, ನೀ ಎಂಥಾ ಹೆಂಗಸು ಅಂದ.” ಅಷ್ಟು ಹೇಳಿ ಅವಳು ಅಂಗಡಿಗೆ ಇಳಿದು ಹೋದಳು. ಅವತ್ತು ದಲಾಲಿಗಳ ಜೊತೆ ಜಗಳದ ದನಿ ಮೇಲೆ ಬರಲಿಲ್ಲ.

ಕಡೆಯ ಸಲ

ಬಾಣಂತನ ಅರ್ಧಕ್ಕೆ ಬಂದಾಗ ಎರಡನೆಯ ಮುದ್ದತ್ತೂ ತೀರುತ್ತ ಬಂತು. ಮತ್ತೊಮ್ಮೆ ಕಚೇರಿಗೆ ಹೋದೆವು. ಈ ಸಲ ಬಾಯಿ ಬಿಟ್ಟು ಎಲ್ಲ ಹೇಳಿದೆ, ಎಷ್ಟು ದಿನ ಎರೆಯಬೇಕು, ಎಷ್ಟು ದಿನ ಬೆಂಕಿ ಕಾಯಿಸಬೇಕು, ಯಾವಾಗ ಅಂಟಿನುಂಡಿ, ಯಾವಾಗ ಅಳ್ವಿ ಪಾಯಸ. ಬೀಗತಿ ಎಲ್ಲವನ್ನೂ ಸಿಂಹಳದಲ್ಲಿ ಹೇಳಿದಳು. ಸಾಹೇಬ ಸಮಾಧಾನದಿಂದ ಕೇಳಿದ. ತಾಯಿ ಮಗು ಚೆನ್ನಾಗಿದ್ದಾರೆ, ಇನ್ನು ಹೆಚ್ಚಿಸಲಿಕ್ಕೆ ಬರುವುದಿಲ್ಲ ಎಂದ. ಆಮೇಲೆ ಬಸಲಿಂಗವ್ವನ ಕಡೆ ಕೈಮಾಡಿ ನನಗೆ ಏನೋ ಹೇಳಿದ.

“ಏನಂತ?”

ಅವಳು ಎಲ್ಲೋ ನೋಡುತ್ತ ಹೇಳಿದಳು: “ಹೋಗೂದರಾಗ ಈ ಬೀಗತಿಗೆ ಎರಿಯೂದು ಕಲಿಸಿ ಹೋಗ್ರಿ ಅಂತಾನ.”

ಹೊರಡುವ ದಿನ ಬೆಳಿಗ್ಗೆ ಹಂಡೆಯ ನೀರು ಕಾಸಿದೆ. ಗೌರಿ ಮಂಚದ ಮೇಲಿಂದ ನೋಡುತ್ತಿದ್ದಳು. “ಬರ್ರಿ, ಕಲಸ್ತೀನಿ” ಎಂದೆ.

ಬಸಲಿಂಗವ್ವ ಒಳಗೆ ಬಂದು ಕೈಗಳನ್ನು ಸೀಗೆಪುಡಿ ಹಚ್ಚಿ ಮೊಣಕೈತನಕ ತೊಳೆದಳು, ಮತ್ತೊಮ್ಮೆ ತೊಳೆದಳು. ಮಣೆಯ ಮೇಲೆ ಕೂತು ಕಾಲು ಚಾಚಿದಳು. ಕೂಸನ್ನು ಅವಳ ಕಾಲ ಮೇಲೆ ಮಲಗಿಸಿದೆ. ಹುಟ್ಟಿದ ಮೇಲೆ ಅದನ್ನು ಅವಳು ಮುಟ್ಟಿದ್ದು ಅದೇ ಮೊದಲು.

“ಮೊದಲ ಎಣ್ಣಿ ಎಲ್ಲಿಗೆ ಹಚ್ಚೂದ್ರಿ?” ಎಂದು ಕೇಳಿದಳು.

“ನೆತ್ತಿಗೆ.”

“ನೆತ್ತಿಗೆ. ಆಮ್ಯಾಲ?”

“ಎದಿಗೆ. ಬೆನ್ನಿಗೆ. ಕಾಲು ಜಗ್ಗಬೇಕು.”

“ಹೀಂಗೇನ್ರಿ?”

“ಹಾಂ, ಹಂಗ.”

ನಾನು ಹೇಳಿದಂತೆ ಒಂದೊಂದಾಗಿ ಮಾಡಿದಳು. ನಾನು ಹೇಳುವ ಮೊದಲೇ ಅವಳ ಕೈ ಅಲ್ಲಿರುತ್ತಿತ್ತು, ಆದರೂ ನಾನು ಹೇಳುವತನಕ ನಿಲ್ಲಿಸಿಕೊಂಡಿರುತ್ತಿದ್ದಳು. ನೀರು ಹಾಕಿದಳು. ನನ್ನ ಕೈಯಲ್ಲಿ ದಿನಾ ಮನೆ ಹಾರಿಹೋಗುವಂತೆ ಕಿರುಚುತ್ತಿದ್ದ ಕೂಸು ಕಣ್ಣು ಅರ್ಧ ಮುಚ್ಚಿ ಸುಮ್ಮನೆ ಮಲಗಿತ್ತು. ಬೆನ್ನಿಗೆ ಹಾಕಿದಳು, ಅಳಲಿಲ್ಲ. ತಲೆಗೆ ಹಾಕಿದಳು, ಅಳಲಿಲ್ಲ. ನಾನು ಕಾಯುತ್ತ ನಿಂತೆ. ಒಂದು ಸಲ ಅತ್ತಿದ್ದರೆ ಸಾಕಾಗಿತ್ತು. ಗೌರಿಯ ಮುಖ ನೋಡಲಿಲ್ಲ.

“ನೀರು ಸುಡತಾವ” ಎಂದೆ.

“ಹೌದೇನ್ರಿ? ನನಗ ತಿಳೀಲಿಲ್ಲ ನೋಡ್ರಿ” ಎಂದು ಬಸಲಿಂಗವ್ವ ಬಕೆಟ್ಟನ್ನು ನನ್ನ ಕಡೆ ಸರಿಸಿದಳು. “ನೀವ ಹದಾ ಮಾಡ್ರಿ.”

ಕೈಯಿಟ್ಟು ನೋಡಿದೆ. ನೀರು ಹದವಾಗಿಯೇ ಇತ್ತು. ಆದರೂ ಒಂದು ಚರಿಗೆ ತಣ್ಣೀರು ಹೊಯ್ದೆ. ಅವಳು ಮರುಮಾತಾಡದೆ ಅದನ್ನೇ ತುಂಬಿ ಹಾಕಿದಳು. ಆಗ ಕೂಸು ಅತ್ತಿತು.

ನಾನು ನನ್ನ ಗಂಟು ಕಟ್ಟಲಿಕ್ಕೆ ಹೋದೆ.